ಉಪ್ಪಿನ ಕರೆಂಟು

ಉಳಿ ಜಾರಿದ್ದು ನನ್ನ ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮನೆಯಲ್ಲಿ, ಅಂಗಡಿಯಲ್ಲಿ, ಎದುರಿನ ಸೈಕಲ್ ಶಾಪಿನಲ್ಲಿ ಕೂಡ ಎಲ್ಲರೂ ಬೇರೆ ಥರ ಹೇಳುತ್ತಾರೆ. ನಮ್ಮದು ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಅಂದರೆ ಮಾವನದು, ನಮ್ಮ ಅಮ್ಮನ ತಮ್ಮ. ಹಳೇ ತಂತಿ ಕಿತ್ತ ಮೇಲೆ ಮೋಟರಿನ ಒಳಗಿನ ಸೀಳುಗಳಲ್ಲಿ ಕರಕಲು ಪೇಪರ್ ಅಂಟಿಕೊಂಡಿರುತ್ತದೆ. ಅದನ್ನು ಉಳಿಯಿಂದ ಕೆರೆದು ತೆಗೆಯಬೇಕು. ಬಲಗೈ ಉಳಿ ನೂಕುತ್ತದೆ, ಎಡಗೈ ಆ ಕಡೆಯಿಂದ ಮೋಟರನ್ನು ಅವುಚಿ ಹಿಡಿದಿರುತ್ತದೆ. ಆ ಉಳಿಯ ಹಿಡಿ ಬಿರುಕು ಬಿಟ್ಟಿತ್ತು. "ಹಿಡಿ ಬದಲಾಯಿಸಿ ಮಾವ" ಅಂತ ಹೇಳಿದ್ದೆ. "ಕೈ ಗಟ್ಟಿಯಿದ್ರೆ ಹಿಡಿ ಯಾಕೋ ಬೇಕು?" ಅಂದಿದ್ದರು.

ಹಿಡಿ ಸೀಳಿತು. ಉಳಿ ಆ ಕಡೆಯಿಂದ ಹೊರಬಿದ್ದು ನನ್ನ ಎಡಗೈ ಮಣಿಕಟ್ಟಿಗೆ ಇಳಿಯಿತು.

ಮೊಣಕೈ ಗೋಡೆಗೆ ತಾಗಿದಾಗ ಜುಮ್ ಅಂತ ಕಿರುಬೆರಳವರೆಗೆ ಹೊಡೆಯುತ್ತದಲ್ಲ, ಆ ನರವೇ ಮಣಿಕಟ್ಟಿನ ಹತ್ತಿರ ಕಡಿದುಹೋಗಿತ್ತು. ಆಪರೇಷನ್ ಮಾಡಿದ ಡಾಕ್ಟರು ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದಿದ್ದೇನೆ ಅಂದರು. ಸರಿ ಅಂದುಕೊಂಡೆ. ತಂತಿ ಕಡಿದರೆ ನಾನೂ ಅದನ್ನೇ ಮಾಡುತ್ತೇನೆ. ಮೇಲಿನ ಎನಾಮಲ್ ಲೇಪ ಕೆರೆದು, ಎರಡು ತುದಿ ತಿರುಚಿ, ಬೆಸುಗೆ ಹಾಕಿ, ಮೇಲೊಂದು ಕೊಳವೆ ತೂರಿಸುತ್ತೇನೆ. ಸ್ವಿಚ್ ಹಾಕಿದ ಕೂಡಲೇ ಮೋಟರು ತಿರುಗಬೇಕು. ತಿರುಗಲಿಲ್ಲವೆಂದರೆ ಬೆಸುಗೆ ಸರಿಯಿಲ್ಲ. ಅದರಲ್ಲಿ ನಡುವಿನ ಮಾತು ಅನ್ನುವುದೇ ಇಲ್ಲ.

ಬ್ಯಾಂಡೇಜು ಬಿಚ್ಚಿದರು. ಗಾಯ ಒಣಗಿತ್ತು. ಬೆರಳು ಅಲ್ಲಾಡಲಿಲ್ಲ.

ವಾರಗಳು ಕಳೆದವು. ಕಿರುಬೆರಳು, ಉಂಗುರದ ಬೆರಳು ಎರಡೂ ಕೊಕ್ಕೆಯ ಹಾಗೆ ಬಾಗಿ ನಿಂತವು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮಾಂಸ ಇಳಿದು ಹಳ್ಳ ಬಿತ್ತು. ಬೆರಳುಗಳನ್ನು ಅಗಲಿಸಲು ಆಗುತ್ತಿರಲಿಲ್ಲ. ತಂತಿ ಸುತ್ತುವವನಿಗೆ ಬೆರಳು ಅಗಲಿಸಲು ಆಗದಿದ್ದರೆ ಹಾಡುವವನಿಗೆ ಗಂಟಲು ಇಲ್ಲದ ಹಾಗೆ. ಸೀಳಿನೊಳಗೆ ತಂತಿ ಇಳಿಸುವಾಗ ಎಡಗೈ ಬೆರಳುಗಳೇ ಎಳೆಗಳನ್ನು ಬಿಡಿಸಿ, ಚಪ್ಪಟೆ ಮಾಡಿ, ಒಂದೊಂದಾಗಿ ಒಳಗೆ ಕಳಿಸಬೇಕು. ಬಲಗೈ ಬರೀ ಕೂಲಿ. ಕಸುಬು ಇರುವುದು ಎಡಗೈಯಲ್ಲಿ. ಒಂಬತ್ತನೇ ಕ್ಲಾಸು ಮುಗಿಸದೆ ಶಾಲೆ ಬಿಟ್ಟವನಿಗೆ ಈ ಲೋಕದಲ್ಲಿ ಇದ್ದದ್ದು ಅದೊಂದೇ ಆಸ್ತಿ. ಅದನ್ನೂ ಯಾರೋ ಸರಿಯಾಗಿ ಬೆಸುಗೆ ಹಾಕದೆ ಕೆಡಿಸಿದ್ದಾರೆ ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನರದ ಟೆಸ್ಟ್ ಮಾಡಿಸಿಕೊಂಡು ಬಾ ಅಂತ ಕಳಿಸಿದರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಚಿಕ್ಕ ಕೋಣೆ. ಒಂದು ಮಂಚ, ಒಂದು ಮಿಷನ್ನು, ಒಬ್ಬರು ಮೇಡಂ. ಕನ್ನಡಕ ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು.

"ತಲೆ ಮೇಲಿದೆ" ಅಂದೆ.

"ಗೊತ್ತು. ಇದು ಓದೋದು. ನಾನು ಹುಡುಕ್ತಿರೋದು ನಿನ್ನ ಮುಖ ನೋಡೋದು" ಅಂದರು. "ಮಲಕ್ಕೋ."

ಮೊದಲು ಬಲಗೈ. ಮೊಣಕೈ ಹತ್ತಿರ ಎರಡು ಮುಳ್ಳಿನ ಹಿಡಿಕೆ ಇಟ್ಟು ಟಕ್ ಅನ್ನಿಸಿದರು. ಬೆರಳುಗಳು ಹಾರಿದವು, ಪರದೆಯ ಮೇಲೆ ಒಂದು ದೊಡ್ಡ ಗುಡ್ಡ ಎದ್ದಿತು. ಆಮೇಲೆ ಎಡಗೈ. ಟಕ್. ಪರದೆಯಲ್ಲಿ ಗೆರೆ ಹಾಗೇ ಮಲಗಿತ್ತು. ಜಾಸ್ತಿ ಮಾಡಿದರು. ಟಕ್. ಗೆರೆ ಮಲಗಿಯೇ ಇತ್ತು. ಆಮೇಲೆ ಆ ಹಳ್ಳ ಬಿದ್ದ ಮಾಂಸಕ್ಕೆ ಒಂದು ಸೂಜಿ ಚುಚ್ಚಿದರು. ಮಿಷನ್ನಿನ ಸ್ಪೀಕರಿನಿಂದ ಸದ್ದು ಶುರುವಾಯಿತು, ತಗಡಿನ ಮೇಲೆ ತುಂತುರು ಹನಿ ಬಿದ್ದ ಹಾಗೆ, ಚಟಪಟ ಚಟಪಟ.

"ನಾನೇನೂ ಮಾಡ್ತಿಲ್ಲ ಮೇಡಂ."

"ಗೊತ್ತಪ್ಪ. ಅದೇ ತೊಂದರೆ. ಆರ್ಡರ್ ಬರದೇ ಇದ್ರೆ ಮಾಂಸ ತನ್ನಷ್ಟಕ್ಕೆ ಗೊಣಗಿಕೊಂಡು ಕೂರುತ್ತೆ. ಈಗ ಬೆರಳು ಅಗಲಿಸು ನೋಡೋಣ."

ಅಗಲಿಸಿದೆ. ಅಂದರೆ ಹಲ್ಲು ಕಚ್ಚಿದೆ, ಭುಜ ಎತ್ತಿದೆ, ಕುತ್ತಿಗೆ ಉಬ್ಬಿತು. ಬೆರಳು ಮಾತ್ರ ಕೇಳಲಿಲ್ಲ. ಸದ್ದಿನಲ್ಲೂ ಏನೂ ಬದಲಾಗಲಿಲ್ಲ.

"ಬೆಸುಗೆ ಬಿಟ್ಟಿದೆ" ಅಂದೆ. "ಹೊಲಿಯೋಕೆ ಬರದೇ ಇದ್ರೆ ಯಾಕೆ ಹೊಲೀಬೇಕು? ನಮ್ಮ ಅಂಗಡೀಲಿ ಇಂಥ ಕೆಲಸ ಮಾಡಿದ್ರೆ ಗಿರಾಕಿ ಮೋಟರ್ ತಂದು ತಲೆ ಮೇಲೆ ಹಾಕ್ತಾನೆ."

"ಹೊಲಿಗೆ ಚೆನ್ನಾಗೇ ಇರಬಹುದು."

"ಮತ್ತೆ ಕರೆಂಟ್ ಯಾಕೆ ಹರೀತಿಲ್ಲ?"

"ನಿಂದು ಏನು ಕೆಲಸ?" ಹೇಳಿದೆ. ಅವರು ಸೂಜಿ ತೆಗೆದು ಹತ್ತಿ ಒತ್ತಿದರು. "ಅದಕ್ಕೇ ಹೀಗೆ ಕೇಳ್ತೀಯ. ನರ ತಂತಿ ಅಲ್ಲ ಮಾರಾಯ. ಅದೊಂದು ಜೀವ. ಅದರ ಹೊಟ್ಟೆ ಇರೋದು ಇಲ್ಲಿ, ಕುತ್ತಿಗೆ ಹಿಂದೆ, ಬೆನ್ನುಹುರಿ ಒಳಗೆ. ಅಲ್ಲಿಂದ ಒಂದೇ ಬಾಲ, ಉದ್ದಕ್ಕೆ ಬೆರಳವರೆಗೂ ಬರುತ್ತೆ. ಬಾಲ ಕಡಿದ್ರೆ ಆಚೆ ತುಂಡಿಗೆ ಊಟ ಇಲ್ಲ. ಅದು ಸತ್ತೇಹೋಗುತ್ತೆ. ಡಾಕ್ಟರ್ ಹೊಲಿದಿರೋದು ಬರೀ ಕೊಳವೆ. ಅದರೊಳಗೆ ಹೊಸ ಬಾಲ ಬೆಳ್ಕೊಂಡು ಬರಬೇಕು. ದಿನಕ್ಕೆ ಒಂದು ಅಕ್ಕಿಕಾಳಿನ ದಪ್ಪದಷ್ಟೂ ಬೆಳೆಯಲ್ಲ."

"ಅಲ್ಲೀವರೆಗೆ?"

"ಕಾಯಬೇಕು. ತುಂಬಾ ತಡವಾದ್ರೆ ಮಾಂಸಾನೂ ಒಣಗಿಹೋಗುತ್ತೆ. ಆಮೇಲೆ ನರ ಬಂದ್ರೂ ಬಾಗಿಲು ತೆಗೆಯೋರು ಇರಲ್ಲ. ಯಾವುದು ಮೊದಲು ಅಂತ ನಂಗೊತ್ತಿಲ್ಲ. ಗೊತ್ತು ಅನ್ನೋರು ಸುಳ್ಳು ಹೇಳ್ತಾರೆ."

ಹೊರಗೆ ಇನ್ನೂ ಜನ ಕಾಯುತ್ತಿದ್ದರು. ನಾನು ಏಳಲಿಲ್ಲ. ನನಗೆ ಅರ್ಥವಾಗದ್ದನ್ನು ಅರ್ಥವಾಯಿತು ಅಂತ ತಲೆಯಾಡಿಸಿ ಹೊರಗೆ ಬರುವ ಅಭ್ಯಾಸ ನನಗಿಲ್ಲ. ಶಾಲೆ ಬಿಟ್ಟದ್ದೂ ಅದಕ್ಕೇ. "ತಂತಿ ಅಲ್ಲ ಅಂದ್ರೆ ಕರೆಂಟ್ ಹೆಂಗೆ ಹೋಗುತ್ತೆ? ಅದನ್ನು ಹೇಳಿ, ಎದ್ದು ಹೋಗ್ತೀನಿ."

ಮೇಡಂ ನಿಟ್ಟುಸಿರು ಬಿಟ್ಟು ನಕ್ಕರು. "ಒಳ್ಳೆ ಗಿರಾಕಿ ಸಿಕ್ಕಿದೆ ಇವತ್ತು. ಕೇಳು. ಅಳುವಾಗ ಬಾಯಿಗೆ ಉಪ್ಪುಪ್ಪಾಗಿ ನೀರು ಬರುತ್ತಲ್ಲ? ಆ ಉಪ್ಪೇ. ನರದ ಹೊರಗೆ ಅದು ಜಾಸ್ತಿ, ಒಳಗೆ ಕಮ್ಮಿ. ಹೊರಗಿನದಕ್ಕೆ ಹೋಲಿಸಿದ್ರೆ ಒಳಗೆ ಯಾವಾಗಲೂ ಮೈನಸ್. ಸುಮ್ಮನೆ ಕೂತಿದೆ ಅನ್ಸುತ್ತೆ, ಆದರೆ ಆ ವ್ಯತ್ಯಾಸ ಕಾಪಾಡ್ಕೊಳ್ಳೋಕೆ ಹಗಲೂ ರಾತ್ರಿ ಪಂಪ್ ಹೊಡೀತಿರುತ್ತೆ. ಗೋಡೆ ತುಂಬ ಚಿಕ್ಕ ಚಿಕ್ಕ ಗೇಟು. ಒಂದು ಕಡೆ ಸಾಕಷ್ಟು ತಳ್ಳಿದ್ರೆ ಗೇಟು ತೆಗೆಯುತ್ತೆ, ಉಪ್ಪು ಒಳಗೆ ನುಗ್ಗುತ್ತೆ, ಅಲ್ಲಿ ಮೈನಸ್ ಹೋಗಿ ಪ್ಲಸ್ ಆಗುತ್ತೆ. ಆ ನೂಕಿಗೆ ಪಕ್ಕದ ಗೇಟು ತೆಗೆಯುತ್ತೆ. ಅದರ ನೂಕಿಗೆ ಅದರ ಪಕ್ಕದ್ದು. ಹಿಂದಿನದು ಅಷ್ಟರಲ್ಲಿ ಬಾಗಿಲು ಹಾಕ್ಕೊಂಡು ಸುಧಾರಿಸ್ಕೊಳ್ಳುತ್ತೆ."

"ಬಸ್ಸಿಗೆ ಹತ್ತುವಾಗ ತಳ್ಳಿಕೊಂಡು ಬರೋ ಹಂಗೆ."

"ಹಾಗೇ ಅಂದ್ಕೋ. ಆದ್ರೆ ಪ್ರತಿಯೊಬ್ಬನೂ ತಳ್ಳೋದು ಸ್ವಂತ ಬಲದಿಂದ. ಅದಕ್ಕೇ ಕುತ್ತಿಗೆಯಿಂದ ಹೊರಟಿದ್ದು ಬೆರಳಿಗೆ ಬರೋ ಹೊತ್ತಿಗೆ ಸೊರಗಲ್ಲ. ಹೊರಟ್ರೆ ಪೂರ್ತಿ ಹೊರಡುತ್ತೆ, ಇಲ್ಲಾಂದ್ರೆ ಇಲ್ಲ. ಅರ್ಧ ಅನ್ನೋದೇ ಇಲ್ಲ. ಜೋರಾಗಿ ಹೇಳ್ಬೇಕು ಅಂದ್ರೆ ಮತ್ತೆ ಮತ್ತೆ ಹೇಳುತ್ತೆ, ಅಷ್ಟೇ."

ಇದು ನನಗೆ ಹಿಡಿಸಿತು. ಸುಮ್ಮನೆ ಕೂತಾಗಲೂ ಒಳಗೆ ತುಂಬಿಕೊಂಡು ಕೂತಿರುವುದು, ಕೂಗಿದರೆ ಪೂರ್ತಿ ಕೂಗುವುದು. ನಮ್ಮ ಜಾತಿಯದೇ ಇದು ಅಂದುಕೊಂಡೆ. ಅಂಗಡಿಯಲ್ಲಿ ನನ್ನನ್ನು ಕರೆಯುವುದೇ ಸ್ಪಾರ್ಕು ಅಂತ.

"ಬಾಲದ ತುದೀಲಿ ಏನಾಗುತ್ತೆ? ಮಾಂಸಕ್ಕೆ ಅಂಟಿಕೊಂಡಿರುತ್ತಾ?"

"ಇಲ್ಲ. ಅಲ್ಲೊಂದು ಸಂದು. ಕಣ್ಣಿಗೆ ಕಾಣದಷ್ಟು. ಸಿಗ್ನಲ್ ಅಲ್ಲಿಗೆ ಬಂದ್ರೆ ನರ ಒಂದಿಷ್ಟು ರಸ ಚೆಲ್ಲುತ್ತೆ, ಅದು ಸಂದು ದಾಟಿ ಆ ಕಡೆ ಗೇಟು ತೆಗೆಸುತ್ತೆ. ಮಿದುಳಲ್ಲಿ ನರ ನರಕ್ಕೆ ಮಾತಾಡೋದೂ ಹೆಚ್ಚುಕಮ್ಮಿ ಹೀಗೇ. ಕೈ ಕುಲುಕಲ್ಲ, ಏನೋ ಎರಚ್ತವೆ. ಆಯ್ತಾ? ಏಳು ಈಗ. ಹೊರಗೆ ಒಬ್ಬಜ್ಜ ನನಗೆ ಶಾಪ ಹಾಕ್ತಿದ್ದಾರೆ."

ಮನೆಗೆ ಬಂದೆ. ಕಾಯಬೇಕು ಅಂತ ಹೇಳಿದ್ದು ಕಿವಿಯಲ್ಲಿತ್ತು, ಆದರೆ ಕಾಯುವುದು ನನ್ನ ಕೈಲಾಗುವ ಕೆಲಸವಲ್ಲ. ಮಾಂಸ ಗೊಣಗುತ್ತಾ ಕೂತಿದೆ, ಅದಕ್ಕೆ ಆರ್ಡರ್ ಬೇಕು, ಅಷ್ಟೇ ತಾನೇ? ಆರ್ಡರ್ ನಾನು ಕೊಡುತ್ತೇನೆ. ಹಳೇ ಕರೆಗಂಟೆಯ ಕಾಯಿಲ್ ಬಿಚ್ಚಿ, ಟಾರ್ಚಿನ ಬ್ಯಾಟರಿ ಕಟ್ಟಿ, ಎರಡು ತುದಿಗೆ ಒದ್ದೆ ಬಟ್ಟೆ ಸುತ್ತಿ, ಆ ಹಳ್ಳದ ಎರಡು ಕಡೆ ಒತ್ತಿಟ್ಟೆ. ತಂತಿಯನ್ನು ಮುಟ್ಟಿಸಿ ಬಿಟ್ಟೆ.

ತೋರುಬೆರಳು ಪಕ್ಕಕ್ಕೆ ಸರಿಯಿತು.

ಮತ್ತೆ ಮುಟ್ಟಿಸಿದೆ. ಮತ್ತೆ ಸರಿಯಿತು. ನಿಧಾನವಾಗಿ, ನಿದ್ದೆಯಿಂದ ಎದ್ದವರ ಹಾಗೆ, ಆದರೆ ಸರಿಯಿತು. "ಅಮ್ಮಾ!" ಅಂತ ನಾನು ಕೂಗಿದ ಕೂಗಿಗೆ ಅಮ್ಮ ಕೈಯಲ್ಲಿ ಒದ್ದೆ ಪಾತ್ರೆ ಹಿಡಿದುಕೊಂಡೇ ಓಡಿ ಬಂದಳು. ನೋಡಿದಳು. ಪಾತ್ರೆ ಕೆಳಗಿಟ್ಟು ಕುಸಿದು ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಚಪ್ಪಲಿ ಮೆಟ್ಟಿಕೊಂಡು ನೇರ ಅಂಗಡಿಗೆ ನಡೆದೆ.

ಮಾವ ಗಿರಾಕಿಯ ಜೊತೆ ಮಾತಾಡುತ್ತಿದ್ದರು. "ಕೈ ಸರಿಹೋಯ್ತು ಮಾವ" ಅಂದೆ. ಜೋರಾಗಿಯೇ ಅಂದೆ, ಸೈಕಲ್ ಶಾಪಿನವನಿಗೂ ಕೇಳಲಿ ಅಂತ. ಮಾವ ನನ್ನ ಕೈ ನೋಡಿದರು, ಮುಖ ನೋಡಿದರು. "ಹೌದಾ? ಹಂಗಾದ್ರೆ ಕೂತ್ಕೋ" ಅಂತ ಅರ್ಧ ತಂತಿ ತುಂಬಿದ ಒಂದು ಪಂಪಿನ ಮೋಟರನ್ನು ಮುಂದಕ್ಕೆ ತಳ್ಳಿದರು.

ಕೂತೆ. ತಂತಿಯ ಕಟ್ಟನ್ನು ಎಡಗೈಗೆ ತಂದೆ. ಬೆರಳಿಗೆ ಹೇಳಿದೆ. ಬೆರಳು ಸುಮ್ಮನಿತ್ತು. ಇನ್ನೊಮ್ಮೆ ಹೇಳಿದೆ. ಕಟ್ಟು ಜಾರಿ, ಎಳೆಗಳು ಕೆದರಿ, ಮೋಟರಿನ ಅಂಚಿಗೆ ಉಜ್ಜಿ ಎನಾಮಲ್ ಕಿತ್ತುಹೋಯಿತು. ಒಂದು ಎಳೆ ಕೆರೆದರೂ ಇಡೀ ಕಾಯಿಲ್ ದಂಡ. ಗಿರಾಕಿ ಕೆಮ್ಮಿದ. ಮಾವ ಮೋಟರನ್ನು ತಮ್ಮ ಕಡೆಗೆ ಎಳೆದುಕೊಂಡರು, ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಅಲ್ಲೇ, ಆ ಸ್ಟೂಲಿನ ಮೇಲೆ ಕೂತೇ ನನಗೆ ಹೊಳೆಯಿತು. ಸ್ಟಾರ್ಟರ್ ಕೆಟ್ಟಾಗ ನಾವು ಅದನ್ನು ಬಿಟ್ಟು ಮೋಟರಿಗೆ ನೇರ ಲೈನು ಕೊಟ್ಟು ನೋಡುತ್ತೇವೆ. ತಿರುಗಿದರೆ ಮೋಟರ್ ಚೆನ್ನಾಗಿದೆ ಅಂತ ಮಾತ್ರ ಅರ್ಥ. ಸ್ಟಾರ್ಟರ್ ಚೆನ್ನಾಗಿದೆ ಅಂತ ಅಲ್ಲ. ಕಡಿದ ಜಾಗದ ಆಚೆ, ಮಾಂಸಕ್ಕೇ ನೇರ ಬ್ಯಾಟರಿ ಇಟ್ಟು, ಲೈನ್ ಸರಿಹೋಯಿತು ಅಂತ ಡಂಗುರ ಹೊಡೆದುಕೊಂಡು ಬಂದಿದ್ದೆ ನಾನು. ಹೊಸದಾಗಿ ಕೆಲಸಕ್ಕೆ ಸೇರಿದವನೂ ಮಾಡದ ತಪ್ಪು.

ಅದೇ ವಾರ ಮಾವ ಮನೆಗೆ ಬಂದರು. ನಾಲ್ಕು ಬೀದಿ ಆಚೆ ಒಂದು ಆಫೀಸು ಕಟ್ಟಡದಲ್ಲಿ ಲಿಫ್ಟ್ ನೋಡಿಕೊಳ್ಳುವ ಕೆಲಸ ಹೇಳಿಟ್ಟಿದ್ದರು.

"ಕುರ್ಚಿ ಇರುತ್ತೆ, ಫ್ಯಾನ್ ಇರುತ್ತೆ, ಯೂನಿಫಾರ್ಮ್ ಕೊಡ್ತಾರೆ" ಅಂದಳು ಅಮ್ಮ. ಮೊದಲೇ ಮಾತಾಡಿಕೊಂಡಿದ್ದಾರೆ ಅಂತ ಗೊತ್ತಾಯಿತು.

"ನಾನು ಲಿಫ್ಟಲ್ಲಿ ಕೂರಲ್ಲ."

"ಯಾಕೋ? ಗುಂಡಿ ಒತ್ತೋದಕ್ಕೆ ಒಂದು ಬೆರಳು ಸಾಕು" ಅಂದರು ಮಾವ. ಕೆಟ್ಟದ್ದಕ್ಕೆ ಅಂದದ್ದಲ್ಲ, ಅದು ನನಗೂ ಗೊತ್ತು. ಆದರೂ ತಿರುಗಿ ಕೊಟ್ಟೆ.

"ಹಿಡಿ ಬದಲಾಯಿಸಿ ಅಂದಾಗ ಬದಲಾಯಿಸಿದ್ರೆ ನನಗೆ ಹತ್ತು ಬೆರಳೂ ಇರ್ತಿದ್ವು."

"ಏಯ್!" ಅಂದಳು ಅಮ್ಮ.

ಮಾವನ ಮುಖ ಕೆಂಪಾಯಿತು. "ಅಂತೀಯ ಅನ್ನು. ನನ್ನ ಸ್ಟೂಲ್ ಎಷ್ಟು ದಿನ ಖಾಲಿ ಇಟ್ಕೊಂಡಿರಲಿ? ನಿಂದೇ ಹಠ ಅಲ್ವಾ, ಆಯ್ತು, ಕೆಲವು ತಿಂಗಳು ಬಿಟ್ಟು ಇನ್ನೊಂದು ಟೆಸ್ಟ್ ಇದೆಯಂತಲ್ಲ, ಅದಕ್ಕೆ ನಾನೂ ಬರ್ತೀನಿ. ಅವತ್ತೂ ಗೆರೆ ಮಲಗಿದ್ರೆ ಸುಮ್ಮನೆ ಹೋಗಿ ಲಿಫ್ಟಲ್ಲಿ ಕೂರಬೇಕು. ಅಲ್ಲಿಯವರೆಗೆ ಜಾಗ ಹಿಡಿದಿಡಿ ಅಂತ ಅವರಿಗೆ ನಾನು ಹೇಳ್ತೀನಿ."

"ಮಲಗಿರಲ್ಲ" ಅಂದೆ. ನನಗೆ ಯಾವ ಖಾತ್ರಿಯೂ ಇರಲಿಲ್ಲ. ಆದರೂ ಅಂದೆ.

ಮುಂದಿನ ತಿಂಗಳುಗಳಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಬೆಳಿಗ್ಗೆ ಎದ್ದು ಕಿಟಕಿಯ ಹತ್ತಿರ ಕೂತು ಎಡಗೈಯನ್ನು ಮೇಜಿನ ಮೇಲಿಟ್ಟು ಬೆರಳಿಗೆ ಹೇಳುವುದು: ಅಗಲಿಸು. ಅಲ್ಲಾಡದ ಬೆರಳಿಗೆ ಹೇಳುತ್ತಾ ಕೂರುವುದು ಎಂಥ ಅವಮಾನ ಅಂತ ಕೂತವನಿಗೇ ಗೊತ್ತು. ಎದುರುಮನೆಯ ಅಜ್ಜಿ ನಾನು ಧ್ಯಾನ ಮಾಡುತ್ತಿದ್ದೇನೆ ಅಂದುಕೊಂಡಳು. ಕೈ ಸೆಟೆದುಕೊಳ್ಳದ ಹಾಗೆ ಬಲಗೈಯಿಂದ ಎಡಗೈ ಬೆರಳುಗಳನ್ನು ಬಿಡಿಸಿ ಬಗ್ಗಿಸುತ್ತಿದ್ದೆ. ಗಾಯದ ಮೇಲೆ ಬೆರಳಿನಿಂದ ತಟ್ಟಿದರೆ ಒಂದು ಕಡೆ ಜುಮ್ ಅನ್ನುತ್ತಿತ್ತು. ಆ ಜುಮ್ ಅನ್ನುವ ಜಾಗ ಮೆಲ್ಲಗೆ ಮಣಿಕಟ್ಟು ದಾಟಿ ಅಂಗೈಗೆ ಇಳಿಯಿತು. ಹೊಸ ಬಾಲದ ತುದಿ ಅಲ್ಲಿದೆ ಅಂತ ಡಾಕ್ಟರು ಹೇಳಿದ್ದರು. ಅಮ್ಮನಿಗೆ ತೋರಿಸಿದೆ. "ನೋಡು, ಹೋದ ವಾರ ಇಲ್ಲಿತ್ತು, ಈ ವಾರ ಇಲ್ಲಿದೆ." ಅಮ್ಮ ಅಲ್ಲಿ ಮೆತ್ತಗೆ ತಟ್ಟಿ, "ಬೇಗ ನಡಿಯೇ ತಾಯಿ, ಇವನ ಕೈಲಿ ಬೈಸ್ಕೊಂಡು ಸಾಕಾಗಿದೆ" ಅಂತ ನರಕ್ಕೇ ಹೇಳಿದಳು.

ಟೆಸ್ಟಿನ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅಲ್ಲಿಂದ ನೇರ ಆ ಆಫೀಸು ಕಟ್ಟಡಕ್ಕೆ ಕರೆದುಕೊಂಡು ಹೋಗುವ ಯೋಚನೆ ಅಂತ ಅಂಗಿ ನೋಡಿಯೇ ತಿಳಿಯಿತು. ಮೇಡಂ ನನ್ನನ್ನು ಗುರುತು ಹಿಡಿದರು. "ಬಂದ್ಯಾ, ಬೆಸುಗೆ?"

ಬ್ಯಾಟರಿಯ ಕಥೆ ಹೇಳಿದೆ. ಮೇಡಂ ಬೈದರು. "ಚರ್ಮ ಸುಟ್ಟುಕೊಂಡಿದ್ರೆ ಏನ್ ಮಾಡ್ತಿದ್ದೆ, ಮೊದಲೇ ಒಣಗ್ತಿರೋ ಮಾಂಸ ಅದು! ಇನ್ನೊಂದು ಸಲ ಮಾಡಿದ್ರೆ ನಾನೇ ಕರೆಂಟ್ ಕೊಡ್ತೀನಿ, ದೊಡ್ಡದು."

ಟಕ್ ಅನ್ನಿಸಿದರು. ಗೆರೆ ಮಲಗಿತ್ತು. ಜಾಸ್ತಿ ಮಾಡಿದರು. ಆಗಲೂ ಮಲಗಿತ್ತು. ಮಾವ ಗಂಟಲು ಸರಿಮಾಡಿಕೊಂಡು ಎದ್ದು ನಿಂತರು.

"ಸೂಜಿ ಬಾಕಿ ಇದೆ" ಅಂದೆ.

"ಅದರಲ್ಲೇನು ಬರುತ್ತೋ..."

"ಕೂತ್ಕೊಳ್ಳಿ ಮಾವ!" ಕೋಣೆಗೆ ದೊಡ್ಡದಾದ ಸದ್ದು ಅದು. ಮಾವ ಕೂತರು.

ಸೂಜಿ ಒಳಗೆ ಹೋಯಿತು. ಚಟಪಟ ಚಟಪಟ, ಮೊದಲಿಗಿಂತ ಕಡಿಮೆ, ಆದರೆ ಅದೇ ಗೊಣಗು. "ಅಗಲಿಸು" ಅಂದರು ಮೇಡಂ. ಕಣ್ಣು ಮುಚ್ಚಿದೆ. ಹಲ್ಲು ಕಚ್ಚಲಿಲ್ಲ, ಭುಜ ಎತ್ತಲಿಲ್ಲ. ಅದು ಕಿರುಚಿದರೆ ಬರುವುದಲ್ಲ ಅಂತ ಕಿಟಕಿಯ ಹತ್ತಿರ ಕೂತು ಕಲಿತಿದ್ದೆ. ಕುತ್ತಿಗೆಯ ಹಿಂದಿನ ಆ ಜೀವಕ್ಕೆ ಹೇಳಿದೆ: ಹೊರಡು. ಏನೂ ಆಗಲಿಲ್ಲ. ಮೇಡಂ ಸೂಜಿಯನ್ನು ಒಂದು ಎಳ್ಳಷ್ಟು ಸರಿಸಿದರು. ಹೊರಡು. ಇನ್ನೂ ಸ್ವಲ್ಪ ಸರಿಸಿದರು. ಹೊರಡೋ, ದರಿದ್ರದ್ದೇ!

ಟಪ್.

ಮೇಡಂ ಕೈ ನಿಲ್ಲಿಸಿದರು.

ಟಪ್. ಟಪ್. ಟಪ್. ಗೊಣಗಿನ ನಡುವೆ ಯಾರೋ ಬಾಗಿಲು ತಟ್ಟಿದ ಹಾಗೆ, ಒಂದೇ ಲಯದಲ್ಲಿ.

ಕಣ್ಣು ತೆಗೆದು ನೋಡಿದರೆ ಬೆರಳು ಇದ್ದಲ್ಲೇ ಇತ್ತು.

"ಬೆರಳು ಅಲ್ಲಾಡಲೇ ಇಲ್ವಲ್ಲ ಮೇಡಂ" ಅಂದರು ಮಾವ. "ಮಿಷನ್ನಿನ ಸದ್ದಿರಬೇಕು. ಅರ್ಥಿಂಗ್ ಸರಿಯಿಲ್ದೆ ಇದ್ರೆ ಹಿಂಗೇ ಬರುತ್ತೆ."

"ನೀವೂ ಅದೇ ಕಸುಬಾ? ಸರಿ, ನೀವೇ ಪರೀಕ್ಷೆ ಮಾಡಿ. ಮಾಡು ಅನ್ನಿ, ಬಿಡು ಅನ್ನಿ. ಅವನಿಗೆ ಪರದೆ ತೋರಿಸಬೇಡಿ."

ಮಾವ ಅಂಗಿಯ ತೋಳು ಮಡಚಿದರು. ಮೋಟರಿನ ಮುಂದೆ ಕೂತಾಗ ಮಡಚುವ ಹಾಗೆಯೇ. "ಮಾಡು."

ಟಪ್. ಟಪ್.

"ಬಿಡು."

ಬರೀ ಗೊಣಗು.

"ಮಾಡು."

ಟಪ್. ಟಪ್. ಟಪ್.

"ಬಿಡು." ಆಮೇಲೆ ಮಾವ ಸುಮ್ಮನಾದರು. ಬೇಕೆಂದೇ ತುಂಬ ಹೊತ್ತು ಸುಮ್ಮನಿದ್ದರು, ಮಿಷನ್ನು ತಾನಾಗಿ ಸದ್ದು ಮಾಡುತ್ತದೋ ಅಂತ ಕಾದರು. ನಾನು ಬೆವರುತ್ತಿದ್ದೆ. ತಟ್ಟನೆ, "ಮಾಡು! ಬಿಡು! ಮಾಡು!" ಅಂದರು.

ಟಪ್. ಮೌನ. ಟಪ್.

ಆ ಸದ್ದು ನನ್ನದು. ಬೆನ್ನಿನಿಂದ ಹೊರಟು, ಗೇಟು ಗೇಟು ತಳ್ಳಿಕೊಂಡು, ಕಡಿದು ಬೆಳೆದ ಹೊಸ ಹಾದಿಯಲ್ಲಿ ಕತ್ತಲಲ್ಲೇ ಬಂದು, ಸಂದು ದಾಟಿ ಮುಟ್ಟಿದ್ದು. ಯಾವ ಬ್ಯಾಟರಿಯೂ ಅದನ್ನು ಕಳಿಸಿರಲಿಲ್ಲ.

ಮಾವ ಮೇಡಂ ಕಡೆ ತಿರುಗಿದರು. "ಇದರಿಂದ ಕಾಯಿಲ್ ಸುತ್ತೋಕಾಗುತ್ತಾ?"

"ಇದರಿಂದ ಆಗಲ್ಲ" ಅಂದರು ಮೇಡಂ. "ಇದು ಒಂದಿಬ್ಬರು ಬಂದು ಬಾಗಿಲು ತಟ್ಟಿರೋದು. ಇನ್ನೂ ಜನ ಬರಬೇಕು. ಬರ್ತಾರೆ ಅನ್ಸುತ್ತೆ. ಎಷ್ಟು ಜನ ಅಂತ ಹೇಳಲ್ಲ. ಮೊದಲಿದ್ದ ಕೈ ಹಾಗೇ ವಾಪಸ್ ಬರೋದು ಕಷ್ಟ. ಕೆಲವರು ದಾರಿ ತಪ್ಪಿ ಪಕ್ಕದ ಮನೆಗೂ ಹೋಗಿರ್ತಾರೆ."

ಹೊರಗೆ ಬಂದೆವು. ಮೆಟ್ಟಿಲ ಹತ್ತಿರ ಮಾವ ನಿಂತರು. "ಕೇಳಿಸ್ಕೊಂಡ್ಯಲ್ಲ? ಮೊದಲಿನ ಹಂಗೆ ಬರಲ್ಲ ಅಂದ್ರು. ಆ ಲಿಫ್ಟಿನವರು ಇವತ್ತು ಕಾಯ್ತಿರ್ತಾರೆ ಕಣೋ."

"ಫೋನ್ ಕೊಡಿ ಮಾವ."

"ಯಾಕೆ?"

"ಕೊಡಿ."

ಕೊಟ್ಟರು. ಫೋನಿನಲ್ಲಿ ಒಬ್ಬ ಗಂಡಸು ಯಾರು ಅಂದ. ನಿಮ್ಮ ಲಿಫ್ಟಿಗೆ ಬರಬೇಕಾಗಿದ್ದವನು, ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಅಂದೆ. ಯಾಕಪ್ಪ ಅಂದ. ನನಗೆ ಕೆಲಸ ಇದೆ ಅಂದೆ. ಮಾವ ನನ್ನನ್ನೇ ನೋಡುತ್ತಿದ್ದರು.

"ಸ್ಟೂಲ್ ಬೇರೆಯವರಿಗೆ ಕೊಟ್ಟು ಹಾಕ್ತೀನಿ ಅಂದ್ರೆ ಏನ್ ಮಾಡ್ತೀಯ?"

"ನೆಲದ ಮೇಲೆ ಕೂರ್ತೀನಿ."

ಮಾವ ಫೋನನ್ನು ಜೇಬಿಗೆ ಹಾಕಿಕೊಂಡರು. ಅಂಗಡಿಯ ಕಡೆಗೆ ಬಿರಬಿರನೆ ನಡೆದರು. ನಾನೂ ನಡೆದೆ. ಜೊತೆಗಲ್ಲ, ಸ್ವಲ್ಪ ಹಿಂದೆ.

ಅಂಗಡಿಯ ಮೂಲೆಯಲ್ಲಿ ಗುಜರಿಗೆ ಹೋಗಬೇಕಾದ ಒಂದು ಚಿಕ್ಕ ಮೋಟರ್ ಬಿದ್ದಿತ್ತು. ಯಾವ ಗಿರಾಕಿಯದೂ ಅಲ್ಲ, ಕೆಟ್ಟರೆ ಯಾರೂ ಕೇಳುವುದಿಲ್ಲ. ಅದನ್ನು ಎಳೆದು ಮೊಣಕಾಲುಗಳ ನಡುವೆ ಇಟ್ಟುಕೊಂಡೆ. ತಂತಿಯ ಕಟ್ಟನ್ನು ಎಡ ಅಂಗೈಗೆ ತಂದೆ. ತೋರುಬೆರಳಿಗೂ ಮಧ್ಯದ ಬೆರಳಿಗೂ ನಡುವೆ ಅದು ನಿಲ್ಲುತ್ತಿರಲಿಲ್ಲ. ಮೊಣಕಾಲಿಗೆ ಒತ್ತಿ ಹಿಡಿದೆ, ಬಲ ಹೆಬ್ಬೆರಳಿನಿಂದ ಒಂದು ಎಳೆ ಬೇರ್ಪಡಿಸಿ ಸೀಳಿಗೆ ಇಳಿಸಿದೆ. ಎರಡನೆಯದು ಇಳಿಯಿತು. ಮೂರನೆಯದು ಜಾರಿ ಅಂಚಿಗೆ ಉಜ್ಜಿತು, ಎನಾಮಲ್ ಹೋಯಿತು, ಕೆಳಗಿನಿಂದ ತಾಮ್ರ ಹೊಳೆಯಿತು.

ಮಾವ ಕೌಂಟರಿನಿಂದ ನೋಡಿದರು. ನೋಡಲಿ.

ಮೂರೂ ಎಳೆ ಕಿತ್ತು ಬಿಸಾಡಿ ಮತ್ತೆ ಒಂದನೆಯದರಿಂದ ಶುರು ಮಾಡಿದೆ.